ಫೆಲ್ಟಿನಲ್ಲಿ ಮತ್ತೆ ಓದಿದ ಚಿತ್ರಪುಸ್ತಕಗಳು

ಬೆಂಗಳೂರಿನ ನಮ್ಮ ಮನೆಯಲ್ಲಿ ಡಿಸೆಂಬರ್ ಬಂದರೆ ಹಾಲಿನ ಮೂಲೆಗೆ ಬರುವ ಕ್ರಿಸ್ಮಸ್ ಮರವೆಂದರೆ ಕುಂಡದಲ್ಲಿ ಬೆಳೆಸಿದ ಎಳೆಯ ಅರಾಕೇರಿಯ. ಲಾಲ್‌ಬಾಗಿನಲ್ಲಿ ಮುಗಿಲೆತ್ತರಕ್ಕೆ ನಿಂತಿರುವ ಇದರ ಬಳಗದ ಮರಗಳನ್ನು ನೋಡಿದವರಿಗೆ, ಅದೇ ಮರವು ಎಳವೆಯಲ್ಲಿ ಎಷ್ಟು ಮೆದುವಾದ ಕೊಂಬೆಗಳನ್ನು ಹೊತ್ತಿರುತ್ತದೆ ಎಂಬುದು ಸುಲಭಕ್ಕೆ ಹೊಳೆಯುವುದಿಲ್ಲ. ಗಾಜಿನ ಒಂದು ಗುಂಡನ್ನು ತೂಗಿಸಿದರೂ ಕೊಂಬೆ ಬಾಗುತ್ತದೆ. ಗುಂಡು ಜಾರಿ ನೆಲಕ್ಕೆ ಬಿದ್ದರೆ ಚೂರುಗಳನ್ನೆಲ್ಲ ಗುಡಿಸಿ ತೆಗೆಯುವವರೆಗೆ ಮಕ್ಕಳನ್ನು ಹಾಲಿನಿಂದ ಹೊರಗೆ ಕೂರಿಸಬೇಕಾಗುತ್ತದೆ. ಹೀಗಾಗಿ ಮರವನ್ನು ಸಿಂಗರಿಸುವುದು ದೊಡ್ಡವರ ಕೆಲಸವಾಗಿಯೂ ದೂರದಿಂದ ನೋಡುವುದು ಮಕ್ಕಳ ಪಾಲಾಗಿಯೂ ಉಳಿದಿತ್ತು. ಮರಕ್ಕೆ ತೂಗುವ ಪ್ರತಿಯೊಂದೂ ಮಕ್ಕಳ ಕೈಯಿಂದಲೇ ಆಗಬೇಕು, ಅವರೇ ಅದನ್ನು ಕೊಂಬೆಗೆ ಸಿಕ್ಕಿಸಬೇಕು, ಬೇಕೆನಿಸಿದಾಗ ತೆಗೆದು ಆಡಬೇಕು, ಬಿದ್ದರೆ ಎತ್ತಿ ಮತ್ತೆ ತೂಗಿಸಬೇಕು ಎಂಬ ಆಸೆಯಿಂದ ನಾನು ಫೆಲ್ಟ್ ಬಟ್ಟೆಯನ್ನು ಆರಿಸಿಕೊಂಡೆ.

ಏನನ್ನು ಹೊಲಿಯಬೇಕು ಎಂಬ ಪ್ರಶ್ನೆಗೆ ಉತ್ತರ ಮನೆಯ ಪುಸ್ತಕದ ಕಪಾಟಿನಲ್ಲಿಯೇ ಇತ್ತು. ನನ್ನ ಒಂಬತ್ತು ವರ್ಷದ ಮಗಳು, ಆರು ವರ್ಷದ ಮಗ, ಪಕ್ಕದ ಬೀದಿಯಿಂದ ಬರುವ ಅಕ್ಕನ ನಾಲ್ಕು ವರ್ಷದ ಮಗಳು, ಈ ಮೂವರೂ ರಾತ್ರಿ ಮಲಗುವ ಮುನ್ನ ಚಿತ್ರಪುಸ್ತಕ ಓದಿಸಿಕೊಳ್ಳುವವರು. ನಕ್ಷತ್ರ, ಗಂಟೆ, ಕೆಂಪು ಟೊಪ್ಪಿಗಳ ಸಿದ್ಧ ನಕ್ಷೆಗಳು ಎಲ್ಲೆಡೆ ಸಿಗುತ್ತವೆಯಾದರೂ ಅವುಗಳನ್ನು ಕತ್ತರಿಸಿ ಹೊಲಿಯುವಾಗ ಮಕ್ಕಳು ಯೋಚಿಸಬೇಕಾದದ್ದು ಬಹಳ ಕಡಿಮೆ. ಪುಸ್ತಕದ ಚಿತ್ರದಿಂದ ಹೊರಟರೆ ಹಾಗಲ್ಲ. ಚಿತ್ರಕಾರ ಮಾಡಿದ್ದನ್ನು ನೋಡಿ, ಅದರಲ್ಲಿ ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂದು ಪ್ರತಿ ಹೆಜ್ಜೆಯಲ್ಲೂ ತೀರ್ಮಾನಿಸಬೇಕಾಗುತ್ತದೆ. ಆದ್ದರಿಂದ ನಾವು ಒಂದೇ ಒಂದು ನಿಯಮ ಮಾಡಿಕೊಂಡೆವು: ಹೊಲಿಯುವ ವಸ್ತು ಪುಸ್ತಕದ ಯಾವುದಾದರೂ ಪುಟದಲ್ಲಿ ಇರಬೇಕು, ಹೊಲಿಯುವವರು ಆ ಪುಟವನ್ನು ತೆರೆದು ತೋರಿಸಬೇಕು. ಈ ನಿಯಮದ ಬಗ್ಗೆ ಮುಂದೆ ದೊಡ್ಡ ವಾದವೇ ನಡೆಯಿತು. ಅದನ್ನು ಅಲ್ಲಿಯೇ ಹೇಳುತ್ತೇನೆ.

ಫೆಲ್ಟ್ ಮಕ್ಕಳ ಕೈಗೆ ಏಕೆ ಒಗ್ಗುತ್ತದೆ ಎಂಬುದನ್ನು ಮೊದಲು ಹೇಳಬೇಕು. ಸಾಮಾನ್ಯ ಬಟ್ಟೆಯಲ್ಲಿ ಹಾಸು ಮತ್ತು ಹೊಕ್ಕು ಎಂಬ ಎರಡು ದಿಕ್ಕಿನ ನೂಲುಗಳಿರುತ್ತವೆ. ಎಲ್ಲಿ ಕತ್ತರಿಸಿದರೂ ಅಂಚಿನಿಂದ ನೂಲು ಬಿಚ್ಚಿಕೊಳ್ಳುತ್ತದೆ, ಅಂಚನ್ನು ಮಡಚಿ ಹೊಲಿಯಬೇಕಾಗುತ್ತದೆ. ಫೆಲ್ಟಿನಲ್ಲಿ ನೇಯ್ಗೆಯೇ ಇಲ್ಲ. ಉಣ್ಣೆಯ ಪ್ರತಿ ಎಳೆಯ ಮೇಲೂ ಕಣ್ಣಿಗೆ ಕಾಣದಷ್ಟು ಸಣ್ಣ ಹುರುಪೆಗಳಿರುತ್ತವೆ. ಬಿಸಿನೀರು, ಸೋಪು ಮತ್ತು ತಿಕ್ಕಾಟ ಒಟ್ಟುಗೂಡಿದಾಗ ಆ ಹುರುಪೆಗಳು ಒಂದಕ್ಕೊಂದು ಸಿಕ್ಕಿಕೊಂಡು ಎಳೆಗಳು ಬಿಡಿಸಲಾಗದಂತೆ ಹೆಣೆದುಕೊಳ್ಳುತ್ತವೆ. ಇಂದು ಅಂಗಡಿಗಳಲ್ಲಿ ಹಾಳೆಗಳಾಗಿ ಸಿಗುವ ಬಣ್ಣಬಣ್ಣದ ಫೆಲ್ಟ್ ಬಹುಪಾಲು ಪಾಲಿಯೆಸ್ಟರಿನದು. ಅದರ ಎಳೆಗಳನ್ನು ಮುಳ್ಳುಗಳಿರುವ ಸೂಜಿಗಳಿಂದ ಮತ್ತೆ ಮತ್ತೆ ಚುಚ್ಚಿ ಯಂತ್ರಗಳಲ್ಲಿ ಹೆಣೆಯುತ್ತಾರೆ. ಎರಡು ಬಗೆಯಲ್ಲೂ ಫಲ ಒಂದೇ: ಯಾವ ದಿಕ್ಕಿಗೆ ಕತ್ತರಿಸಿದರೂ ಅಂಚು ಬಿಚ್ಚುವುದಿಲ್ಲ. ಎರಡು ತುಂಡುಗಳನ್ನು ಒಂದರ ಮೇಲೊಂದಿಟ್ಟು ಅಂಚಿನ ಮೇಲೆಯೇ ಹೊಲಿದು, ಒಳಗೆ ಸ್ವಲ್ಪ ಹತ್ತಿ ತುಂಬಿದರೆ ಗೊಂಬೆ ಸಿದ್ಧವಾಗುತ್ತದೆ. ಒಳಹೊರಗು ತಿರುಗಿಸುವ ಶ್ರಮವಿಲ್ಲದಿರುವುದರಿಂದ ಮಗು ಕತ್ತರಿಸಿದ ಆಕಾರವೇ ಕೊನೆಯವರೆಗೂ ಉಳಿಯುತ್ತದೆ. ಇದು ಸಣ್ಣ ಮಾತಲ್ಲ, ಏಕೆಂದರೆ ಆರು ವರ್ಷದ ಮಗುವಿಗೆ ತಾನು ಕತ್ತರಿಸಿದ್ದು ಕಣ್ಣೆದುರೇ ಮಾಯವಾಗಿ ಬೇರೇನೋ ಆಗಿ ಹೊರಬಂದರೆ ಅದು ತನ್ನದೆನಿಸುವುದಿಲ್ಲ.

ಸಾಮಾನು ತರಲು ಅವೆನ್ಯೂ ರಸ್ತೆಯ ರಾಜಾ ಮಾರ್ಕೆಟ್ಟಿಗೆ ಹೋದೆವು. ಫೆಲ್ಟಿನಲ್ಲಿ ಗಟ್ಟಿಯದು, ಮೆದುವಾದದ್ದು ಎಂದು ಎರಡು ಬಗೆ ಸಿಗುತ್ತವೆ. ಗಟ್ಟಿಯದು ಆಕಾರವನ್ನು ಚೆನ್ನಾಗಿ ಹಿಡಿದು ನಿಲ್ಲುತ್ತದೆ, ಆದರೆ ಚಿಕ್ಕ ಕೈಗಳಿಗೆ ಅದರಲ್ಲಿ ಸೂಜಿ ದಾಟಿಸುವುದು ಕಷ್ಟ. ಹೊಲಿಯಬೇಕಾದವುಗಳಿಗೆ ಮೆದುವಾದದ್ದನ್ನೂ, ಹೊಲಿಗೆಯಿಲ್ಲದೆ ಪೋಣಿಸುವವುಗಳಿಗೆ ಗಟ್ಟಿಯದನ್ನೂ ಕೊಂಡೆವು. ಆರು ಎಳೆಗಳ ಕಸೂತಿ ದಾರ, ದೊಡ್ಡ ಕಣ್ಣಿನ ಮೊಂಡು ಸೂಜಿಗಳು, ದಿಂಬಿಗೆ ತುಂಬುವ ಫೈಬರ್ ಹತ್ತಿ, ಒಂದು ಹಿಡಿ ಬಿಳಿ ಉಣ್ಣೆ ಇವಿಷ್ಟು ಉಳಿದ ಸಾಮಾನು. ಕಂದು ಬಣ್ಣದ ಫೆಲ್ಟ್ ಹುಡುಕುವಾಗ ಮಾತ್ರ ತಡವಾಯಿತು. ಹುಡುಗನ ಮುಖಕ್ಕೆ ಬೇಕು ಎಂದು ಮಗ ಹೇಳಿದೊಡನೆ ಅಂಗಡಿಯವರು ತಿಳಿಗುಲಾಬಿ ಹಾಳೆಯನ್ನು ಮುಂದಿಟ್ಟು, "ಸ್ಕಿನ್ ಕಲರ್ ಇದೇ ಪುಟ್ಟ," ಎಂದರು. ಮಗ ತನ್ನ ಕೈಯನ್ನು ಆ ಹಾಳೆಯ ಪಕ್ಕದಲ್ಲಿಟ್ಟು ನೋಡಿ, ಬೇಡವೆಂದು ತಲೆಯಾಡಿಸಿದ. ಮೂರನೆಯ ಅಂಗಡಿಯಲ್ಲಿ ಸಿಕ್ಕ ಚಾಕೊಲೇಟ್ ಬಣ್ಣವೇ ನಮಗೆ ಬೇಕಾದದ್ದಾಗಿತ್ತು.

ಅವನಿಗೆ ಅದು ಬೇಕಾದದ್ದು ಎಜ್ರಾ ಜಾಕ್ ಕೀಟ್ಸ್ ಅವರ 'ದಿ ಸ್ನೋಯಿ ಡೇ' ಪುಸ್ತಕದ ಪೀಟರ್‌ಗಾಗಿ. 1962ರಲ್ಲಿ ಅಮೆರಿಕದಲ್ಲಿ ಪ್ರಕಟವಾಗಿ ಮರುವರ್ಷವೇ ಅಲ್ಲಿ ಚಿತ್ರಪುಸ್ತಕಗಳಿಗೆ ಕೊಡುವ ಕಾಲ್ಡೆಕಾಟ್ ಪದಕ ಪಡೆದ ಈ ಪುಸ್ತಕದಲ್ಲಿ ಕೆಂಪು ಹಿಮದುಡುಪು ತೊಟ್ಟ ಕಪ್ಪು ಬಣ್ಣದ ಹುಡುಗನೊಬ್ಬ ನಗರದ ಬೀದಿಯಲ್ಲಿ ಹಿಮದೊಂದಿಗೆ ಆಡುತ್ತಾನೆ. ಆ ಕಾಲದ ಅಮೆರಿಕದ ಚಿತ್ರಪುಸ್ತಕಗಳಲ್ಲಿ ಕಪ್ಪು ಮಗುವೊಂದು ಕಥೆಯ ನಡುವೆ ನಿಂತು ಸುಮ್ಮನೆ ಸಂತೋಷವಾಗಿ ಆಡುವುದು ಅಪರೂಪವಾಗಿತ್ತು. ಅಂಥ ಪುಸ್ತಕದ ಹುಡುಗನಿಗೆ ತಿಳಿಗುಲಾಬಿ ಮುಖ ಹೊಲಿಯುವುದು ಸಾಧ್ಯವೇ ಇರಲಿಲ್ಲ. ಪೀಟರ್‌ನ ಉಡುಪು ಫೆಲ್ಟಿಗೆ ಹೇಳಿ ಮಾಡಿಸಿದಂತಿದೆ: ಚೂಪಾದ ಕುಲಾವಿ, ಅಗಲವಾದ ತೋಳು, ಗಿಡ್ಡ ಕಾಲು, ಎಲ್ಲವೂ ಒಂದೇ ಕೆಂಪು ಆಕಾರ. ಪುಟದ ಮೇಲೆ ಬಟರ್ ಪೇಪರ್ ಇಟ್ಟು ಹೊರಗೆರೆಯನ್ನು ತೆಗೆದು, ಸುಮಾರು 10 ಸೆಂಟಿಮೀಟರಿಗೆ ಹಿಗ್ಗಿಸಿ, ಎರಡು ತುಂಡು ಕತ್ತರಿಸಿದೆವು. ಫೆಲ್ಟಿನ ಮೇಲೆ ಪೆನ್ಸಿಲಿನಿಂದ ಬರೆದರೆ ಗೆರೆ ಎಳೆದಾಡುತ್ತದೆ, ಕತ್ತರಿ ಜಾರಿದರೆ ಅಂಚು ಹಾಳಾಗುತ್ತದೆ. ಅದಕ್ಕೆ ಬದಲು ನಕ್ಷೆಯ ಕಾಗದವನ್ನು ಪಾರದರ್ಶಕ ಟೇಪಿನಿಂದ ಫೆಲ್ಟಿಗೆ ಅಂಟಿಸಿ, ಕಾಗದ, ಟೇಪು, ಫೆಲ್ಟ್ ಮೂರನ್ನೂ ಒಟ್ಟಿಗೆ ಕತ್ತರಿಸಿ, ಆಮೇಲೆ ಟೇಪನ್ನು ಮೆಲ್ಲಗೆ ಸುಲಿದು ತೆಗೆಯುವುದು ಅತ್ಯುತ್ತಮ ವಿಧಾನ. ಸಣ್ಣ ಆಕಾರಗಳೂ ಇದರಿಂದ ಚೊಕ್ಕಟವಾಗಿ ಬರುತ್ತವೆ.

ಆದರೆ ಮಗನಿಗೆ ಬೇಕಾಗಿದ್ದದ್ದು ಪೀಟರ್ ಅಲ್ಲವೇ ಅಲ್ಲ ಎಂಬುದು ಹೊಲಿಗೆ ಅರ್ಧವಾದ ಮೇಲೆ ತಿಳಿಯಿತು. ಕಥೆಯಲ್ಲಿ ಪೀಟರ್ ನಾಳೆಗೆಂದು ಹಿಮದ ಉಂಡೆಯೊಂದನ್ನು ಜೇಬಿನಲ್ಲಿಟ್ಟುಕೊಂಡು ಮನೆಗೆ ಬರುತ್ತಾನೆ. ಮಲಗುವ ಮುನ್ನ ನೋಡಿದರೆ ಜೇಬು ಖಾಲಿ. ಮಗನ ಮನಸ್ಸಿನಲ್ಲಿದ್ದದ್ದು ಆ ಉಂಡೆ. "ಅಮ್ಮಾ, ಜೇಬು ಮಾಡಿದರೆ ಮಾತ್ರ ಇವನು ಪೀಟರ್," ಎಂದ. ಹಾಗಾಗಿ ಹೊಟ್ಟೆಯ ಮೇಲೊಂದು ಪುಟ್ಟ ಜೇಬನ್ನು ಮೂರು ಬದಿ ಹೊಲಿದು, ಉಂಡೆಯನ್ನು ನಿಜವಾದ ಉಣ್ಣೆಯಿಂದಲೇ ಮಾಡಲು ಕುಳಿತೆವು. ಬಟ್ಟಲಲ್ಲಿ ಕೈಗೆ ಹಿತವಾಗುವಷ್ಟು ಬಿಸಿಯಾದ ನೀರು, ಅದರಲ್ಲಿ ಒಂದು ಹನಿ ಪಾತ್ರೆ ತೊಳೆಯುವ ದ್ರವ. ಉಣ್ಣೆಯನ್ನು ಸಡಿಲವಾಗಿ ಸುತ್ತಿ, ಅದ್ದಿ, ಮೊದಲು ಒತ್ತದೆ ಹಗುರವಾಗಿ, ಹೊರಪದರ ಹಿಡಿದುಕೊಂಡ ಮೇಲೆ ಬಿಗಿಯಾಗಿ, ಅಂಗೈಗಳ ನಡುವೆ ಉರುಳಿಸುತ್ತಾ ಹೋಗಬೇಕು. ಮೊದಲ ಕೆಲವು ನಿಮಿಷ ಏನೂ ಆಗದಂತೆ ತೋರುತ್ತದೆ. ಕಾಲು ಗಂಟೆಯ ಹೊತ್ತಿಗೆ ನಿಂಬೆಹಣ್ಣಿನಷ್ಟಿದ್ದ ಉಣ್ಣೆ ಕುಗ್ಗಿ ಗಟ್ಟಿಯಾಗುತ್ತದೆ. ಫೆಲ್ಟ್ ಎಂದರೇನು ಎಂದು ನಾನು ಬಾಯಲ್ಲಿ ವಿವರಿಸಿದ್ದನ್ನೆಲ್ಲ ಆ ಉಂಡೆ ಅವನ ಕೈಗೇ ಹೇಳಿಕೊಟ್ಟಿತು. ಕಥೆಯ ಹಿಮ ಕರಗಿ ಹೋಗುತ್ತದೆ, ಇದು ಕುಗ್ಗುತ್ತದೆ ಆದರೆ ಹೋಗುವುದಿಲ್ಲ ಎಂಬ ವ್ಯತ್ಯಾಸವನ್ನು ಅವನೇ ಗುರುತಿಸಿದ. ಹಿಮವನ್ನು ಎಂದೂ ಕಾಣದ ಮಗುವಿಗೆ ಆ ಪುಸ್ತಕದ ದುಃಖ ಎಷ್ಟು ನಿಖರವಾಗಿ ಮುಟ್ಟಿತ್ತು ಎಂಬುದು ನನಗೆ ಆಗಲೇ ಗೊತ್ತಾದದ್ದು.

ಮಗಳು ಈ ಪುಸ್ತಕದಲ್ಲಿ ಬೇರೊಂದನ್ನು ಕಂಡುಕೊಂಡಳು. ಚಿತ್ರಗಳನ್ನು ಹತ್ತಿರದಿಂದ ನೋಡಿ, ಇವು ಬರೆದ ಚಿತ್ರಗಳಲ್ಲ, ಕತ್ತರಿಸಿ ಅಂಟಿಸಿದವು ಎಂದಳು. ಅವಳ ಮಾತು ಸರಿಯಾಗಿತ್ತು. ಕೀಟ್ಸ್ ಈ ಪುಸ್ತಕಕ್ಕೆ ಬಗೆಬಗೆಯ ಕಾಗದ, ಬಟ್ಟೆಗಳನ್ನು ಕತ್ತರಿಸಿ ಜೋಡಿಸಿದ್ದರು. ತಾಯಿಯ ಉಡುಪಿಗೆ ಬಳಸಿದ್ದು ಕಪಾಟಿನ ಹಲಗೆಗಳಿಗೆ ಹಾಸುವಂಥ ಮೇಣಬಟ್ಟೆ, ಹಿಮದ ಹರಳುಗಳನ್ನು ಒತ್ತಿದ್ದು ರಬ್ಬರಿನ ತುಂಡುಗಳಲ್ಲಿ ಕೊರೆದ ಅಚ್ಚುಗಳಿಂದ. ನಾವು ಇಡೀ ತಿಂಗಳು ಮಾಡಿದ ಕೆಲಸಕ್ಕೆ ಇದೊಂದು ಕೀಲಿಯಂತೆ ಒದಗಿತು. ಕತ್ತರಿಯಿಂದ ಹುಟ್ಟಿದ ಚಿತ್ರ ಕತ್ತರಿಗೇ ಸುಲಭವಾಗಿ ಮರಳುತ್ತದೆ, ಅದರ ಆಕಾರಗಳಿಗೆ ಸ್ಪಷ್ಟ ಅಂಚುಗಳಿರುತ್ತವೆ, ಒಂದು ಬಣ್ಣ ಮುಗಿದಲ್ಲಿ ಇನ್ನೊಂದು ಆರಂಭವಾಗುತ್ತದೆ. ಜಲವರ್ಣದಲ್ಲಿ ಹದವಾಗಿ ಬೆರೆತ, ಕೂದಲೆಳೆಯಷ್ಟು ಸಣ್ಣ ಗೆರೆಗಳ ಚಿತ್ರವನ್ನು ಫೆಲ್ಟಿಗೆ ತರುವುದಾದರೆ ಮೊದಲು ಅದರ ಒಳಗಿರುವ ಆಕಾರವನ್ನು ಹುಡುಕಿಕೊಳ್ಳಬೇಕು. ಮಕ್ಕಳೊಂದಿಗೆ ಈ ಕೆಲಸಕ್ಕೆ ಇಳಿಯುವವರು ಕತ್ತರಿಸಿ ಅಂಟಿಸಿದ ಚಿತ್ರಗಳ ಪುಸ್ತಕದಿಂದಲೇ ಆರಂಭಿಸುವುದು ಒಳ್ಳೆಯದು ಎಂದು ನಾನು ಧೈರ್ಯವಾಗಿ ಹೇಳುತ್ತೇನೆ.

ಎರಿಕ್ ಕಾರ್ಲ್ ಅವರ 'ದಿ ವೆರಿ ಹಂಗ್ರಿ ಕ್ಯಾಟರ್ಪಿಲರ್' ಅಂಥದ್ದೇ ಇನ್ನೊಂದು ಪುಸ್ತಕ. ತೆಳುವಾದ ಟಿಶ್ಯೂ ಕಾಗದಕ್ಕೆ ಮೊದಲೇ ಬಣ್ಣ ಬಳಿದು, ಅದನ್ನು ಕತ್ತರಿಸಿ ಪದರಪದರವಾಗಿ ಅಂಟಿಸುವುದು ಕಾರ್ಲ್ ಅವರ ವಿಧಾನ. 1969ರಲ್ಲಿ ಬಂದ ಈ ಪುಸ್ತಕದ ಪುಟಗಳಲ್ಲಿ ಹುಳು ತಿಂದು ಹೋದ ಜಾಗಗಳಲ್ಲಿ ನಿಜವಾದ ತೂತುಗಳಿವೆ. ಅಂಥ ಪುಟಗಳನ್ನು ಅಮೆರಿಕದಲ್ಲಿ ಅಚ್ಚು ಹಾಕುವುದು ದುಬಾರಿಯಾಗಿದ್ದರಿಂದ ಮೊದಲ ಮುದ್ರಣ ಜಪಾನಿನಲ್ಲಿ ಆಯಿತು. ನಾಲ್ಕು ವರ್ಷದ ಪುಟ್ಟಿಗೆ ಕಥೆಗಿಂತ ತೂತುಗಳೇ ಹೆಚ್ಚು ಪ್ರಿಯ. ಪ್ರತಿ ಸಲವೂ ಬೆರಳನ್ನು ತೂರಿಸದೆ ಪುಟ ತಿರುಗಿಸಲು ಬಿಡುವುದಿಲ್ಲ. ಆದ್ದರಿಂದ ಅವಳಿಗೆ ಸೂಜಿಯಿಲ್ಲದ ಕೆಲಸ ಸಿಕ್ಕಿತು. ಒಂದು ಸೇಬು, ಎರಡು ಪೇರು, ಮೂರು ಪ್ಲಮ್, ನಾಲ್ಕು ಸ್ಟ್ರಾಬೆರಿ, ಐದು ಕಿತ್ತಳೆ, ಒಟ್ಟು ಹದಿನೈದು ಹಣ್ಣುಗಳನ್ನು ಗಟ್ಟಿ ಫೆಲ್ಟಿನಲ್ಲಿ ಕತ್ತರಿಸಿ, ನಡುವೆ ತೂತು ಮಾಡಿ, ದಪ್ಪ ದಾರದಲ್ಲಿ ಪೋಣಿಸಿ ಮರಕ್ಕೆ ಸುತ್ತುವ ಮಾಲೆ ಮಾಡಿದೆವು. ಫೆಲ್ಟಿಗೆ ಕಾಗದದ ಪಂಚಿಂಗ್ ಯಂತ್ರ ಚೆನ್ನಾಗಿ ಕಚ್ಚುವುದಿಲ್ಲ; ತುಂಡನ್ನು ಮಡಚಿ ಮಡಿಕೆಯ ಮೇಲೆ ಅರ್ಧಚಂದ್ರ ಕತ್ತರಿಸಿದರೆ ಬಿಡಿಸಿದಾಗ ದುಂಡು ತೂತು ಸಿಗುತ್ತದೆ. ದಾರದ ತುದಿಗೆ ಟೇಪನ್ನು ಬಿಗಿಯಾಗಿ ಸುತ್ತಿದರೆ ಅದು ಶೂ ಲೇಸಿನ ತುದಿಯಂತೆ ನೆಟ್ಟಗೆ ನಿಲ್ಲುವುದರಿಂದ ಪುಟ್ಟ ಬೆರಳುಗಳೂ ಯಾರ ನೆರವಿಲ್ಲದೆ ಪೋಣಿಸಬಲ್ಲವು.

ಹುಳುವಿನ ಬಣ್ಣ ಆರಿಸುವಾಗ ಅವಳು ಎಲ್ಲರನ್ನೂ ಬೆರಗುಗೊಳಿಸಿದಳು. ಒಂದೇ ಹಸಿರಿನ ದುಂಡುಗಳನ್ನು ಮುಂದಿಟ್ಟಾಗ, "ಚಿಕ್ಕಮ್ಮಾ, ಇದು ಬೇರೆ ಹಸಿರು, ಇದು ಬೇರೆ ಹಸಿರು," ಎಂದು ಪುಸ್ತಕದ ಹುಳುವಿನ ಒಂದೊಂದು ಉಂಗುರವನ್ನೂ ಮುಟ್ಟಿ ತೋರಿಸಿದಳು. ಕಾರ್ಲ್ ಅವರ ಹುಳುವಿನಲ್ಲಿ ನಿಜವಾಗಿಯೂ ಹಲವು ಹಸಿರುಗಳಿವೆ. ಎಲೆಹಸಿರು, ಗಿಳಿಹಸಿರು, ಪಾಚಿಹಸಿರುಗಳ ದುಂಡುಗಳನ್ನು ಒತ್ತೊತ್ತಾಗಿ ಪೋಣಿಸಿ, ತುದಿಗೆ ಕೆಂಪು ತಲೆಯನ್ನು ಕೂಡಿಸಿದೆವು. ಹುಳುವನ್ನು ಮಾಲೆಯ ದಾರದ ಮೇಲೆ ಜರುಗುವಂತೆ ಬಿಟ್ಟಿರುವುದರಿಂದ ಅದು ಇಂದು ಸೇಬಿನ ಬಳಿ ಇದ್ದರೆ ನಾಳೆ ಕಿತ್ತಳೆಗಳ ಬಳಿ ಇರುತ್ತದೆ.

ಹೊಲಿಗೆಯ ಬಗ್ಗೆ ನಾಲ್ಕು ಮಾತು ಇಲ್ಲಿಯೇ ಹೇಳಿಬಿಡುತ್ತೇನೆ. ಆರು ವರ್ಷದ ಮಗುವಿಗೆ ಚೂಪು ಸೂಜಿ ಕೊಡುವುದಕ್ಕಿಂತ, ಅಂಚಿನ ಉದ್ದಕ್ಕೂ ದಬ್ಬಳದಿಂದ ಮೊದಲೇ ತೂತು ಚುಚ್ಚಿಕೊಟ್ಟು ಮೊಂಡು ಸೂಜಿಯಿಂದ ಹೊಲಿಯಲು ಹೇಳುವುದು ಮೇಲು. ತೂತಿನಿಂದ ತೂತಿಗೆ ಸೂಜಿ ಹೋಗುವುದರಿಂದ ಹೊಲಿಗೆಗಳ ಅಂತರವೂ ಸಮವಾಗಿರುತ್ತದೆ. ದಾರ ಒಂದು ಮೊಳಕ್ಕಿಂತ ಉದ್ದವಿದ್ದರೆ ಸಿಕ್ಕುಬೀಳುತ್ತದೆ. ಆರು ಎಳೆಯ ದಾರವನ್ನು ಬಿಡಿಸಿ ಮೂರು ಎಳೆ ಬಳಸಿದರೆ ಹೊಲಿಗೆ ಎದ್ದು ಕಾಣುತ್ತದೆ, ಸೂಜಿಯೂ ಸಲೀಸಾಗಿ ದಾಟುತ್ತದೆ. ಸುತ್ತ ಹೊಲಿಯುತ್ತಾ ಬಂದು ಎರಡು ಬೆರಳು ಹೋಗುವಷ್ಟು ಬಾಯಿ ಉಳಿಸಿಕೊಂಡು, ಹತ್ತಿಯನ್ನು ಚಿಕ್ಕ ಚಿಕ್ಕ ತುಣುಕುಗಳಾಗಿ, ಮೊದಲು ಮೂಲೆಗಳಿಗೆ, ಆಮೇಲೆ ನಡುವಿಗೆ ತುಂಬಬೇಕು. ಅಂಚನ್ನು ಕುಣಿಕೆಗಳಿಂದ ಸುತ್ತುತ್ತಾ ಹೋಗುವ ಕಂಬಳಿ ಹೊಲಿಗೆ ಚೆಂದವಾದರೂ ಮಗನಿಗೆ ಸೂಜಿಯನ್ನು ಮೇಲೆ ಕೆಳಗೆ ಹಾಯಿಸುತ್ತಾ ಹೋಗುವ ಓಟದ ಹೊಲಿಗೆಯೇ ಸಾಕಾಯಿತು. ಫೆಲ್ಟಿನ ಅಂಚು ಬಿಚ್ಚದಿರುವುದರಿಂದ ಅದರಿಂದ ಯಾವ ಕೊರತೆಯೂ ಆಗಲಿಲ್ಲ. ಪಾಲಿಯೆಸ್ಟರ್ ಫೆಲ್ಟಿನ ಮೇಲೆ ನೇರವಾಗಿ ಇಸ್ತ್ರಿ ಇಡಬಾರದು, ಅದು ಕರಗುತ್ತದೆ.

ಅತ್ಯಂತ ಹೆಚ್ಚು ಕಾಲ ತೆಗೆದುಕೊಂಡದ್ದು ಜಾನ್ ಬ್ರೆಟ್ ಅವರ 'ದಿ ಮಿಟನ್'. ಉಕ್ರೇನಿನ ಜಾನಪದ ಕಥೆಯೊಂದನ್ನು ಆಧರಿಸಿದ ಈ ಪುಸ್ತಕ 1989ರಲ್ಲಿ ಪ್ರಕಟವಾಯಿತು. ನಿಕಿ ಎಂಬ ಹುಡುಗ ಹಠ ಹಿಡಿದು ಅಜ್ಜಿಯಿಂದ ಬಿಳಿ ಕೈಗವುಸು ಹೆಣೆಸಿಕೊಳ್ಳುತ್ತಾನೆ, ಅದರಲ್ಲೊಂದು ಹಿಮದಲ್ಲಿ ಬಿದ್ದು ಹೋಗುತ್ತದೆ, ಕಾಡಿನ ಪ್ರಾಣಿಗಳು ಒಂದೊಂದಾಗಿ ಬಂದು ಅದರೊಳಗೆ ತೂರಿಕೊಳ್ಳುತ್ತವೆ: ನೆಲ ಕೊರೆಯುವ ಮೋಲ್, ಮೊಲ, ಹೆಜ್‌ಹಾಗ್, ಗೂಬೆ, ಬ್ಯಾಜರ್, ನರಿ, ಕರಡಿ. ಕೊನೆಗೆ ಪುಟ್ಟ ಇಲಿಯೊಂದು ಕರಡಿಯ ಮೂಗಿನ ಮೇಲೆ ಕೂರುತ್ತದೆ, ಕರಡಿ ಸೀನುತ್ತದೆ, ಎಲ್ಲವೂ ಹೊರಕ್ಕೆ ಹಾರುತ್ತವೆ. ಬ್ರೆಟ್ ಅವರ ಚಿತ್ರಗಳಲ್ಲಿ ಪ್ರಾಣಿಗಳ ಒಂದೊಂದು ಕೂದಲೂ, ಹೆಣಿಗೆಯ ಒಂದೊಂದು ಕುಣಿಕೆಯೂ ಕಾಣುತ್ತದೆ. ಫೆಲ್ಟಿಗೆ ಇದಕ್ಕಿಂತ ಕಠಿಣವಾದ ಪುಸ್ತಕ ನಮ್ಮ ಕಪಾಟಿನಲ್ಲಿ ಇರಲಿಲ್ಲ. ಆದರೂ ಮೂವರೂ ಒಮ್ಮತದಿಂದ ಇದನ್ನೇ ಬೇಡಿದರು. ಕೈಗವುಸನ್ನು ತೂಗುವ ಚೀಲವನ್ನಾಗಿ ಮಾಡಿ, ಪ್ರಾಣಿಗಳನ್ನು ಬೆರಳುದ್ದಕ್ಕೆ ಹೊಲಿದು ಒಳಗೆ ಹಾಕಬಹುದು, ತೆಗೆದು ಕಥೆ ಹೇಳಬಹುದು ಎಂಬುದು ಮಗಳ ಯೋಜನೆ.

ಒಂದೊಂದು ಪ್ರಾಣಿಗೂ "ಇದನ್ನು ದೂರದಿಂದ ನೋಡಿದರೆ ಯಾವುದರಿಂದ ಗುರುತು ಹತ್ತುತ್ತದೆ?" ಎಂದು ಕೇಳಿಕೊಂಡೆವು. ಮೊಲಕ್ಕೆ ಕಿವಿ, ನರಿಗೆ ಬಿಳಿತುದಿಯ ಬಾಲ, ಗೂಬೆಗೆ ಎರಡು ದೊಡ್ಡ ಕಣ್ಣು, ಬ್ಯಾಜರಿಗೆ ಮುಖದ ಪಟ್ಟೆ ಎಂದು ಬೇಗ ಇತ್ಯರ್ಥವಾಯಿತು. ಹೆಜ್‌ಹಾಗಿನ ಮುಳ್ಳುಗಳಿಗೆ ಕಂದು ಫೆಲ್ಟಿನ ಕಿರಿದಾದ ಪಟ್ಟಿಯನ್ನು ಜಾಲರಿಯಂತೆ ಸೀಳಿ ಮೂರು ಸಾಲು ಹೊಲಿದೆವು. ಉಳಿದದ್ದು ಕರಡಿ.

ಧಾರವಾಡದಿಂದ ಬಂದಿದ್ದ ನನ್ನ ತಾಯಿ ಆ ಹೊತ್ತಿಗೆ ತಮ್ಮ ಚೀಲದಿಂದ ಹಳೆಯ ಕರಿ ಕಂಬಳಿಯ ಒಂದು ತುಂಡನ್ನು ತೆಗೆದು, "ಕರಡಿಗೆ ಇದಕ್ಕಿಂತ ಚಲೋ ಅರಿವಿ ಎಲ್ಲಿ ಸಿಗ್ತದವ್ವಾ?" ಎಂದರು. ದಖನಿ ಕುರಿಯ ಒರಟು ಉಣ್ಣೆಯನ್ನು ನೂತು, ಕೈಮಗ್ಗದಲ್ಲಿ ನೇಯ್ದು, ಹುಣಸೆಬೀಜದ ಗಂಜಿ ಕೊಟ್ಟು ಬಿಗಿಗೊಳಿಸುವ ನಮ್ಮ ಕಂಬಳಿ ಎಷ್ಟೇ ದಟ್ಟವಾಗಿದ್ದರೂ ನೇಯ್ಗೆಯೇ. ಕತ್ತರಿಸಿದೊಡನೆ ಅಂಚು ಬಿಚ್ಚತೊಡಗಿತು. ಹಾಗಾಗಿ ಕರಡಿಗೆ ಮಾತ್ರ ಸುತ್ತಲೂ ಒತ್ತೊತ್ತಾದ ಕಂಬಳಿ ಹೊಲಿಗೆ ಅನಿವಾರ್ಯವಾಯಿತು, ಅದನ್ನು ಅಜ್ಜಿಯೇ ಹಾಕಿಕೊಟ್ಟರು. ಪುಸ್ತಕದ ಕರಡಿ ಕಂದು ಬಣ್ಣದ್ದು. ಕಂಬಳಿಯ ಕರಡಿ ಕಪ್ಪಾಗಿ, ಕೆದರಿದ ಕೂದಲಿನದಾಗಿ, ಹಂಪಿಯ ಹತ್ತಿರದ ದರೋಜಿ ಕರಡಿಧಾಮದಲ್ಲಿ ನಾವು ದೂರದ ಬಂಡೆಗಳ ಮೇಲೆ ಕಂಡಿದ್ದ ಕರಡಿಗಳ ಹಾಗಾಯಿತು. ಮಗ ಅದನ್ನು ಕೂಡಲೇ ಗುರುತಿಸಿ, ಎದೆಯ ಮೇಲೆ ಬಿಳಿ ಗುರುತು ಬೇಕೇ ಬೇಕು ಎಂದ. ಮಗಳು ಒಪ್ಪಲಿಲ್ಲ: ಪುಸ್ತಕದ ಯಾವ ಪುಟದಲ್ಲೂ ಆ ಗುರುತು ಇಲ್ಲ, ನಿಯಮ ನಿಯಮವೇ ಎಂಬುದು ಅವಳ ವಾದ. ಇಬ್ಬರದೂ ನ್ಯಾಯವಾದ ಮಾತು. ಬಹಳ ಹೊತ್ತಿನ ಚರ್ಚೆಯ ಬಳಿಕ ಅಜ್ಜಿ, ಜಾನಪದ ಕಥೆ ಊರಿಂದ ಊರಿಗೆ ಹೋದಾಗ ಅದರ ಪ್ರಾಣಿಗಳೂ ಆಯಾ ಊರಿನವಾಗುತ್ತವೆ, ಈ ಕಥೆಯೂ ಹಾಗೆ ನಡೆದು ಬಂದದ್ದೇ ಅಲ್ಲವೇ ಎಂದು ಕೇಳಿದರು. ಮಗಳು ಸ್ವಲ್ಪ ಯೋಚಿಸಿ, ತಾನೇ ಬಿಳಿ ದಾರದಿಂದ ಕರಡಿಯ ಎದೆಗೆ ಆ ಗುರುತನ್ನು ಹಾಕಿದಳು. ಕಥೆ ಪುಸ್ತಕದ ಆಚೆಗೂ ಬದುಕುತ್ತದೆ ಎಂಬುದನ್ನು ಒಂಬತ್ತು ವರ್ಷದವಳು ವಾದ ಮಾಡಿ ಒಪ್ಪಿಕೊಂಡದ್ದು ನನಗೆ ಬಹಳ ಹಿಡಿಸಿತು.

ಮಗಳು ತನಗೆಂದು ಆರಿಸಿಕೊಂಡದ್ದು 'ದಿ ನೈಟ್ ಲೈಫ್ ಆಫ್ ಟ್ರೀಸ್'. ಚೆನ್ನೈಯ ತಾರಾ ಬುಕ್ಸ್ 2006ರಲ್ಲಿ ಹೊರತಂದ ಈ ಪುಸ್ತಕದಲ್ಲಿ ಮಧ್ಯಪ್ರದೇಶದ ಗೋಂಡ ಬುಡಕಟ್ಟಿನ ಕಲಾವಿದರಾದ ಭಜ್ಜು ಶ್ಯಾಮ್, ದುರ್ಗಾ ಬಾಯಿ ಮತ್ತು ರಾಮ್ ಸಿಂಗ್ ಉರ್ವೇತಿ ಅವರ ಮರಗಳಿವೆ. ಕೈಯಿಂದ ತಯಾರಿಸಿದ ಕಪ್ಪು ಕಾಗದದ ಮೇಲೆ ಪರದೆಯಚ್ಚಿನಲ್ಲಿ (ಸ್ಕ್ರೀನ್ ಪ್ರಿಂಟಿಂಗ್) ಒಂದೊಂದೇ ಬಣ್ಣವನ್ನು ಕೈಯಿಂದಲೇ ಮುದ್ರಿಸಿರುವ ಪುಟಗಳು ಬೆರಳಿಗೆ ತಗಲುತ್ತವೆ, ಮೂಗಿಗೆ ಬಣ್ಣದ ವಾಸನೆಯೂ ಬರುತ್ತದೆ. ಇದು ಕ್ರಿಸ್ಮಸ್ಸಿನ ಪುಸ್ತಕವಲ್ಲ. ಆದರೆ ಮರವೊಂದನ್ನು ಬೆಳಗಿಸುವ ಹಬ್ಬದಲ್ಲಿ ರಾತ್ರಿಯ ಹೊತ್ತು ಬೆಳಗುವ ಮರಗಳ ಪುಸ್ತಕಕ್ಕೆ ಜಾಗವಿಲ್ಲವೇ ಎಂದು ಅವಳು ಕೇಳಿದಾಗ ನನ್ನಲ್ಲಿ ಎರಡನೆಯ ಮಾತು ಇರಲಿಲ್ಲ.

ಇಲ್ಲಿ ಕತ್ತರಿಯ ಕೆಲಸ ಕಡಿಮೆ, ದಾರದ ಕೆಲಸ ಹೆಚ್ಚು. ಅಂಗೈಯಗಲದ ಕಪ್ಪು ದುಂಡಿನ ಮೇಲೆ ಕಾಂಡವನ್ನೂ ಕೊಂಬೆಗಳನ್ನೂ ಹಳದಿ ದಾರದಿಂದ ಹೊಲಿದು, ಒಳಗನ್ನು ಸಣ್ಣ ಸಣ್ಣ ಓಟದ ಹೊಲಿಗೆಗಳಿಂದ ತುಂಬುತ್ತಾ ಹೋದಳು. ಗೋಂಡ ಚಿತ್ರಕಾರರು ಆಕಾರದ ಒಳಗನ್ನು ಬಣ್ಣದಿಂದ ಮುಚ್ಚಿಬಿಡದೆ ಚುಕ್ಕೆಗಳಿಂದಲೂ ಕಿರುಗೆರೆಗಳಿಂದಲೂ ತುಂಬುತ್ತಾರೆ. ಓಟದ ಹೊಲಿಗೆ ಎಂದರೂ ಸಾಲಾಗಿ ನಡೆಯುವ ಕಿರುಗೆರೆಗಳೇ. ಗಂಟು ಹೊಲಿಗೆ ಕಲಿತ ಮೇಲೆ ಚುಕ್ಕೆಗಳೂ ಬಂದವು. ಸೂಜಿಯ ಮೇಲೆ ದಾರವನ್ನು ಎರಡು ಸುತ್ತು ಸುತ್ತಿ, ಸುತ್ತನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು, ಬಂದ ತೂತಿನ ಪಕ್ಕದಲ್ಲಿಯೇ ಸೂಜಿಯನ್ನು ಇಳಿಸಬೇಕು. ಅದೇ ತೂತಿಗೆ ಇಳಿಸಿದರೆ ಗಂಟು ಹಿಂದಕ್ಕೆ ಜಾರಿಹೋಗುತ್ತದೆ. ಕಪ್ಪು ದುಂಡು ಹಸಿರು ಕೊಂಬೆಗಳ ನಡುವೆ ಕಳೆದುಹೋಗದಂತೆ ಅಂಚಿಗೆ ಬಿಳಿ ದಾರದ ಕಂಬಳಿ ಹೊಲಿಗೆ ಹಾಕಿ, ದೀಪದ ಸರದ ಹತ್ತಿರ ತೂಗಿಸಿದೆವು.

ಮೊಮ್ಮಗಳ ಹೊಲಿಗೆಯನ್ನು ನೋಡುತ್ತಾ ಕುಳಿತಿದ್ದ ಅಜ್ಜಿಗೆ ಮರದ ತುದಿಗೆ ತಾವೊಂದು ಕಸೂತಿಯ ನಕ್ಷತ್ರ ಮಾಡಬೇಕೆಂಬ ಉಮೇದು ಬಂತು. ಧಾರವಾಡದ ಕಸೂತಿಯಲ್ಲಿ ಗವಂತಿ, ಮುರಗಿ, ನೇಗಿ, ಮೆಂತಿ ಎಂಬ ಹೊಲಿಗೆಗಳಿವೆ. ಗವಂತಿಯಲ್ಲಿ ಓಟದ ಹೊಲಿಗೆ ಹಾಕುತ್ತಾ ಹೋಗಿ, ಬಂದ ದಾರಿಯಲ್ಲೇ ಹಿಂದಿರುಗಿ ಖಾಲಿ ಜಾಗಗಳನ್ನು ತುಂಬುವುದರಿಂದ ಹಿಂದೆ ಮುಂದೆ ಎರಡೂ ಕಡೆ ಒಂದೇ ಗೆರೆ ಮೂಡುತ್ತದೆ. ಇದಕ್ಕೆ ಬಟ್ಟೆಯ ಎಳೆಗಳನ್ನು ಎಣಿಸುವುದೇ ಆಧಾರ. ಫೆಲ್ಟನ್ನು ಬೆಳಕಿಗೆ ಹಿಡಿದು ನೋಡಿದ ಅವರು, "ಇದರಾಗ ಎಳೀನ ಇಲ್ಲಲ್ಲವ್ವಾ, ಎಣಸೂದು ಹ್ಯಾಂಗ?" ಎಂದರು. ಯಾವ ಗುಣದಿಂದ ಫೆಲ್ಟ್ ಮಕ್ಕಳಿಗೆ ಸುಲಭವಾಗಿತ್ತೋ ಅದೇ ಗುಣ ಅರವತ್ತು ವರ್ಷ ಪಳಗಿದ ಕೈಯನ್ನು ತಡೆದು ನಿಲ್ಲಿಸಿತ್ತು. ಉಪಾಯವನ್ನೂ ಅವರೇ ಕಂಡುಹಿಡಿದರು. ಸಡಿಲ ನೇಯ್ಗೆಯ ಮ್ಯಾಟಿ ಬಟ್ಟೆಯ ತುಂಡನ್ನು ಫೆಲ್ಟಿನ ಮೇಲಿಟ್ಟು ಸುತ್ತಲೂ ತಾತ್ಕಾಲಿಕವಾಗಿ ಟಾಕಿ, ಮ್ಯಾಟಿಯ ಎಳೆಗಳನ್ನು ಎಣಿಸಿ ಎರಡೂ ಪದರ ಸೇರಿಸಿ ಹೊಲಿದು, ಮುಗಿದ ಮೇಲೆ ಮ್ಯಾಟಿಯ ನೂಲುಗಳನ್ನು ಒಂದೊಂದಾಗಿ ಎಳೆದು ತೆಗೆದರು. ನೂಲು ಎಳೆಯುವ ಕೆಲಸಕ್ಕೆ ಮೂವರು ಮಕ್ಕಳೂ ಮುಗಿಬಿದ್ದರು. ಕೊನೆಯ ನೂಲು ಹೊರಬಂದಾಗ ಕೆಂಪು ಫೆಲ್ಟಿನ ಮೇಲೆ ಬಿಳಿ ಗವಂತಿಯ ಎಂಟು ಮೂಲೆಯ ನಕ್ಷತ್ರ ಮಾತ್ರ ಉಳಿದಿತ್ತು. ಅದರ ಹಿಂಬದಿಗೆ ಗುಳೇದಗುಡ್ಡದ ಖಣದ ತುಂಡೊಂದನ್ನು ಹೊಲಿದರು. ಪುಸ್ತಕದ ನಿಯಮ ಅಜ್ಜಿಗೆ ಅನ್ವಯಿಸುವುದಿಲ್ಲ ಎಂದು ಮಕ್ಕಳು ಒಮ್ಮತದಿಂದ ತೀರ್ಮಾನಿಸಿದರು.

ತೂಗಿಸುವ ದಿನ ಎತ್ತರದ ಕೊಂಬೆಗಳಿಗಿಂತ ಮಕ್ಕಳ ಕೈಗೆಟಕುವ ಕೆಳಗಿನ ಕೊಂಬೆಗಳೇ ತುಂಬಿಹೋದವು. ಪ್ರಾಣಿಗಳಿಂದ ತುಂಬಿದ ಕೈಗವುಸು ಎಲ್ಲಕ್ಕಿಂತ ತೂಕದ್ದಾದ್ದರಿಂದ ಅದನ್ನು ಕಾಂಡದ ಹತ್ತಿರ, ಕೊಂಬೆ ದಪ್ಪವಾಗಿರುವಲ್ಲಿ ಕಟ್ಟಿದೆವು. ಮನೆಗೆ ಬಂದ ನೆಂಟರಿಗೆ ಮಕ್ಕಳು ಮೊದಲು ಗೊಂಬೆಯನ್ನು ತೋರಿಸಿ, ಆಮೇಲೆ ಪುಸ್ತಕ ತಂದು ಆ ಪುಟವನ್ನು ತೆರೆದು ತೋರಿಸುತ್ತಿದ್ದರು. ಚಿತ್ರಪುಸ್ತಕ ಚಿಕ್ಕ ಮಕ್ಕಳಿಗೆ ಮಾತ್ರ ಎಂದುಕೊಂಡಿದ್ದ ನನ್ನ ಭಾವ, ಜೇಬಿನ ಹಿಮದ ಉಂಡೆಯ ಕಥೆಯನ್ನು ಮಗನಿಂದ ಕೇಳಿ, ಮರದ ಪಕ್ಕದಲ್ಲೇ ಕುಳಿತು ಆ ಪುಸ್ತಕವನ್ನು ಕೊನೆಯವರೆಗೂ ಓದಿದರು.

ಜನವರಿ 6ರ ಬಳಿಕ ಎಲ್ಲವನ್ನೂ ಇಳಿಸಿ ಸ್ಟೀಲ್ ಡಬ್ಬಿಯಲ್ಲಿ ಇಟ್ಟಿದ್ದೇವೆ. ಪಾಲಿಯೆಸ್ಟರ್ ಫೆಲ್ಟಿಗೆ ನುಸಿ ಹತ್ತುವುದಿಲ್ಲ. ಕಂಬಳಿಯ ಕರಡಿಯನ್ನೂ ಉಣ್ಣೆಯ ಉಂಡೆಯನ್ನೂ ಮಾತ್ರ ಒಣಗಿದ ಬೇವಿನೆಲೆಯೊಂದಿಗೆ ಬೇರೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದೇವೆ. ಪ್ರತಿಯೊಂದರ ಹಿಂದೆಯೂ ಪುಸ್ತಕದ ಹೆಸರು, ಹೊಲಿದವರ ಹೆಸರು ಮತ್ತು ವರ್ಷ ಬರೆದ ಚಿಕ್ಕ ಪಟ್ಟಿ ಹೊಲಿದಿದೆ. ಮುಂದಿನ ವರ್ಷ ಕನ್ನಡದ ಚಿತ್ರಪುಸ್ತಕಗಳಿಂದಲೇ ಹೊಲಿಯಬೇಕೆಂದು ಮಗಳು ಈಗಲೇ ಪಟ್ಟಿ ಆರಂಭಿಸಿದ್ದಾಳೆ. ಬೆಂಗಳೂರಿನ ಪ್ರಥಮ್ ಬುಕ್ಸ್ ನಡೆಸುವ ಸ್ಟೋರಿವೀವರ್ ಎಂಬ ಜಾಲತಾಣದಲ್ಲಿ ಕನ್ನಡದ ಕಥೆಗಳು ಉಚಿತವಾಗಿ ಓದಲು ಸಿಗುವುದರಿಂದ ಹುಡುಕುವುದು ಅವಳಿಗೆ ಕಷ್ಟವಾಗಿಲ್ಲ. ಪಟ್ಟಿಯಲ್ಲಿ ಒಂದೊಂದು ಹೆಸರಿನ ಮುಂದೆಯೂ ಅವಳು ಎರಡು ಮಾತು ಬರೆದಿಡುತ್ತಾಳೆ: ಈ ಚಿತ್ರಗಳು ಕತ್ತರಿಸಿದವೋ, ಬರೆದವೋ, ಇದಕ್ಕೆ ಗಟ್ಟಿ ಫೆಲ್ಟ್ ಬೇಕೋ, ಮೆದುವಾದದ್ದು ಬೇಕೋ.